ತುರ್ತು ಚಿಕಿತ್ಸಾ ವಿಭಾಗ: ಕರ್ನಾಟಕದ ಆಸ್ಪತ್ರೆಗಳಲ್ಲಿ ರೋಗಿಗೆ ಎದುರಾಗುವುದು

ಮುಂಗಡ ಸಮಯ ಗೊತ್ತುಮಾಡಿಕೊಳ್ಳದೆ, ಹಠಾತ್ತಾಗಿ ಬರುವ ರೋಗಿಗಳನ್ನು ಹಗಲು ರಾತ್ರಿ, ಹಬ್ಬ ಹರಿದಿನವೆನ್ನದೆ ನೋಡಿಕೊಳ್ಳುವ ಆಸ್ಪತ್ರೆಯ ವಿಭಾಗ. ಸರ್ಕಾರಿ ಆಸ್ಪತ್ರೆಗಳ ಬೋರ್ಡಿನಲ್ಲಿ ‘ಅಪಘಾತ ಮತ್ತು ತುರ್ತು ಚಿಕಿತ್ಸೆ’ ಎಂದಿದ್ದರೂ ಜನರ ಬಾಯಲ್ಲಿ ಅದು ಕ್ಯಾಷುವಾಲ್ಟಿ. ಖಾಸಗಿ ಆಸ್ಪತ್ರೆಯಲ್ಲಾದರೆ ಎಮರ್ಜೆನ್ಸಿ. ಹೊರರೋಗಿ ವಿಭಾಗಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಸರದಿಯದು. ಅಲ್ಲಿ ಮೊದಲು ಚೀಟಿ ಮಾಡಿಸಿದವರು ಮೊದಲು ಒಳಗೆ ಹೋಗುತ್ತಾರೆ. ಇಲ್ಲಿ ಯಾರ ಜೀವಕ್ಕೆ ಅಪಾಯ ಹೆಚ್ಚೋ ಅವರು ಮೊದಲು. ಹಣ ಕಟ್ಟುವುದು, ದಾಖಲೆ ಪತ್ರ, ಪೊಲೀಸ್ ವಿಚಾರಣೆ ಎಲ್ಲವೂ ಈ ಕ್ರಮದಲ್ಲಿ ಹಿಂದೆ ನಿಲ್ಲಬೇಕು ಎಂಬುದನ್ನು ನ್ಯಾಯಾಲಯಗಳೂ ಕಾನೂನೂ ಕಳೆದ ಮೂರೂವರೆ ದಶಕಗಳಲ್ಲಿ ಹಂತ ಹಂತವಾಗಿ ಗಟ್ಟಿಮಾಡಿವೆ. ಆಚರಣೆ ಕಾನೂನಿಗಿಂತ ಒಂದು ಹೆಜ್ಜೆ ಹಿಂದೆಯೇ ಇದೆ.

ಹಿನ್ನೆಲೆ

ಅಪಾಯ ನೋಡಿ ಸರದಿ ಗೊತ್ತುಮಾಡುವ ಪದ್ಧತಿ ಹುಟ್ಟಿದ್ದು ರಣರಂಗದಲ್ಲಿ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಗಾಯಾಳುಗಳ ಪದವಿಯನ್ನು ಲೆಕ್ಕಿಸದೆ ಗಾಯದ ತೀವ್ರತೆಯನ್ನಷ್ಟೇ ನೋಡಿ ಚಿಕಿತ್ಸೆ ಕೊಡುವ ಕ್ರಮ ತಂದ. ಗಾಯಾಳುಗಳನ್ನು ಕುದುರೆ ಗಾಡಿಗಳಲ್ಲಿ ಬೇಗ ಹೊರಸಾಗಿಸುವ ಏರ್ಪಾಡೂ ಅವನದೇ. ಭಾರತದಲ್ಲಿ ತುರ್ತು ವೈದ್ಯಕೀಯಕ್ಕೆ ಪ್ರತ್ಯೇಕ ಸ್ನಾತಕೋತ್ತರ ಶಾಖೆಯ ಮಾನ್ಯತೆ ಸಿಕ್ಕಿದ್ದು ತೀರ ಈಚೆಗೆ, 2009ರಲ್ಲಿ. ಅದಕ್ಕೆ ಮೊದಲು ಬೇರೆ ಬೇರೆ ವಿಭಾಗಗಳ ವೈದ್ಯರು ಪಾಳಿಯ ಮೇಲೆ ಬಂದು ಕ್ಯಾಷುವಾಲ್ಟಿ ನಡೆಸುತ್ತಿದ್ದರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂದಿಗೂ ಹೆಚ್ಚುಕಡಿಮೆ ಅದೇ ಪರಿಸ್ಥಿತಿ: ರಾತ್ರಿ ಡ್ಯೂಟಿಯ ಒಬ್ಬ ವೈದ್ಯರು, ಒಬ್ಬಿಬ್ಬರು ನರ್ಸು, ಒಬ್ಬ ಡಿ ಗ್ರೂಪ್ ನೌಕರ.

ತಲುಪುವ ಬಗೆ

ರಾಜ್ಯದಲ್ಲಿ ಉಚಿತ ಆಂಬುಲೆನ್ಸ್‌ಗೆ 108 ಸಂಖ್ಯೆ. ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಈ ಸೇವೆ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ ಆರಂಭವಾಯಿತು. ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಮೂರಕ್ಕೂ ಸೇರಿ ಇರುವ 112ಕ್ಕೂ ಕರೆ ಮಾಡಬಹುದು. ಕರೆ ತೆಗೆದುಕೊಂಡವರು ಊರು, ಹತ್ತಿರದ ಗುರುತು, ರೋಗಿಗೆ ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ ಎಂದು ಕೇಳುತ್ತಾರೆ. ಗಾಬರಿಯಲ್ಲಿ ಇದು ಕಾಲಹರಣದಂತೆ ಅನ್ನಿಸಿದರೂ ಯಾವ ಬಗೆಯ ಗಾಡಿ ಕಳಿಸಬೇಕೆಂಬುದು ಈ ಉತ್ತರಗಳ ಮೇಲೆಯೇ ತೀರ್ಮಾನವಾಗುತ್ತದೆ. ಹಾಗಿದ್ದರೂ ಹಳ್ಳಿಗಳಿಂದ ಆಟೋದಲ್ಲೋ ಅಕ್ಕಪಕ್ಕದವರ ಕಾರಿನಲ್ಲೋ ಬರುವವರೂ ಬಹಳ ಮಂದಿ. ಎದೆನೋವಿನ ರೋಗಿಯನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು, ಹಿಂದೊಬ್ಬರು ಹಿಡಿದುಕೊಂಡು ತರುವುದೂ ಉಂಟು. ದಾರಿಯಲ್ಲಿ ಹೃದಯ ನಿಂತರೆ ಮಾಡುವಂಥದ್ದು ಏನೂ ಇರುವುದಿಲ್ಲವಾದ್ದರಿಂದ ಇದು ಬೇಡ.

ಯಾವ ಆಸ್ಪತ್ರೆಗೆ ಎಂಬುದೂ ಮುಖ್ಯ. ಬೆಂಗಳೂರಿನವರಿಗೆ ಈ ವಿಂಗಡಣೆ ಬಾಯಿಪಾಠ: ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಎದೆನೋವಿಗೆ ಜಯದೇವ, ಸುಟ್ಟಗಾಯಕ್ಕೆ ವಿಕ್ಟೋರಿಯಾ, ಮೂಳೆ ಮುರಿದರೆ ಸಂಜಯ್ ಗಾಂಧಿ, ಕಣ್ಣಿಗೆ ಮಿಂಟೋ, ಹೆರಿಗೆಗೆ ವಾಣಿವಿಲಾಸ. ಉಳಿದೆಡೆ ಇಷ್ಟು ಆಯ್ಕೆಯಿಲ್ಲ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್, ಮಂಗಳೂರಿನ ವೆನ್ಲಾಕ್‌ನಂಥ ದೊಡ್ಡಾಸ್ಪತ್ರೆಗಳು ಸುತ್ತಲಿನ ಹಲವು ಜಿಲ್ಲೆಗಳ ಭಾರ ಹೊತ್ತಿವೆ. ಉತ್ತರ ಕನ್ನಡದವರು ಗಂಭೀರ ಪ್ರಕರಣಗಳಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯಬೇಕಾಗಿ ಬಂದಿದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಅವರ ಕೂಗು 2022ರಲ್ಲಿ ದೊಡ್ಡ ಜನಾಂದೋಲನವೇ ಆಯಿತು. ಉಸಿರು ಕಟ್ಟುತ್ತಿರುವ, ರಕ್ತ ಸೋರುತ್ತಿರುವ ರೋಗಿಯ ವಿಷಯದಲ್ಲಿ ಮಾತ್ರ ಹೆಸರುವಾಸಿ ಆಸ್ಪತ್ರೆಗಿಂತ ಹತ್ತಿರದ ಆಸ್ಪತ್ರೆಯೇ ಸರಿ.

ಬಾಗಿಲಲ್ಲಿ ನಡೆಯುವುದು

ಸ್ಟ್ರೆಚರ್ ಒಳಗೆ ಬರುತ್ತಿದ್ದಂತೆ ನರ್ಸ್ ಅಥವಾ ಕಿರಿಯ ವೈದ್ಯರು ರೋಗಿಯ ನಾಡಿ, ರಕ್ತದೊತ್ತಡ, ಉಸಿರಾಟದ ವೇಗ, ಜ್ವರ ನೋಡುತ್ತಾರೆ. ಬೆರಳಿಗೊಂದು ಕ್ಲಿಪ್ ಹಾಕಿ ರಕ್ತದಲ್ಲಿನ ಆಮ್ಲಜನಕ, ಇನ್ನೊಂದು ಬೆರಳಿಗೆ ಚುಚ್ಚಿ ಸಕ್ಕರೆ. ಎಚ್ಚರ ತಪ್ಪಿದ ಎಲ್ಲರಿಗೂ ಸಕ್ಕರೆ ನೋಡುವುದಕ್ಕೆ ಕಾರಣವಿದೆ: ಮಧುಮೇಹದ ಮಾತ್ರೆ ನುಂಗಿ ಊಟ ಬಿಟ್ಟವರು ಪಾರ್ಶ್ವವಾಯು ಹೊಡೆದವರಂತೆಯೇ ಕಾಣಬಹುದು. ಗ್ಲೂಕೋಸ್ ಹೋದ ಕೆಲವೇ ನಿಮಿಷಕ್ಕೆ ಎದ್ದು ಕೂತು ಮಾತಾಡುತ್ತಾರೆ.

ಈ ಮೊದಲ ಪರೀಕ್ಷೆಯ ಮೇಲೆ ರೋಗಿಗಳನ್ನು ವಿಂಗಡಿಸುವುದೇ ಟ್ರಯಾಜ್. ಕೆಂಪು ಎಂದರೆ ಈ ಕ್ಷಣ ನೋಡಬೇಕಾದವರು, ಹಳದಿ ಎಂದರೆ ಬೇಗ ನೋಡಬೇಕಾದರೂ ಸ್ವಲ್ಪ ತಡೆದುಕೊಳ್ಳಬಲ್ಲವರು, ಹಸಿರು ಎಂದರೆ ಕಾಯಬಹುದಾದವರು. ದೊಡ್ಡ ಆಸ್ಪತ್ರೆಗಳಲ್ಲಿ ಗೋಡೆಗೋ ನೆಲಕ್ಕೋ ಈ ಬಣ್ಣಗಳನ್ನೇ ಬಳಿದು ಜಾಗ ಬೇರೆ ಮಾಡಿರುತ್ತಾರೆ. ತಲೆಗೆ ಪೆಟ್ಟಾದವರಿಗೆ ಇನ್ನೊಂದು ಅಳತೆ ಇದೆ. ಕಣ್ಣು ತೆರೆಯುತ್ತಾರೆಯೇ, ಮಾತು ಸರಿಯಿದೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾರೆಯೇ ಎಂದು ನೋಡಿ ಅಂಕ ಕೊಡುತ್ತಾರೆ: ಪೂರ್ಣ ಎಚ್ಚರಕ್ಕೆ 15, ಕನಿಷ್ಠ 3. ಅಂಕ 8 ಅಥವಾ ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಗಂಟಲಿಗೆ ನಳಿಗೆ ಇಳಿಸಿ ಉಸಿರಾಟವನ್ನು ಕಾಪಾಡಬೇಕಾಗುತ್ತದೆ.

ಜಗಳ ಹೆಚ್ಚಾಗಿ ಹುಟ್ಟುವುದು ಈ ಹಂತದಲ್ಲೇ. ಕೈ ಮುರಿದು ನೋವಿನಿಂದ ಕೂಗುತ್ತಿರುವ ಹುಡುಗ ಕಾಯುತ್ತಿರುವಾಗ, ಆಮೇಲೆ ಬಂದ ವೃದ್ಧರೊಬ್ಬರನ್ನು ನೇರ ಒಳಗೆ ಕರೆದೊಯ್ದರೆ ಹುಡುಗನ ಮನೆಯವರಿಗೆ ಸಿಟ್ಟು ಬರುವುದು ಸಹಜ. ಆದರೆ ಜೋರಾಗಿ ಕೂಗುತ್ತಿರುವವರ ಉಸಿರಾಟ ಸರಿಯಾಗಿಯೇ ಇರುತ್ತದೆ. ಬೆವೆತು, ಮಂಕಾಗಿ, ಮಾತಿಲ್ಲದೆ ಒರಗಿರುವವರ ಬಗ್ಗೆ ವೈದ್ಯರಿಗೆ ಹೆಚ್ಚು ಭಯ. ಕಾಯುತ್ತಿರುವವರ ಸ್ಥಿತಿ ನಡುವೆ ಹದಗೆಟ್ಟರೆ ಆಗ ಹೋಗಿ ಸಿಸ್ಟರ್‌ಗೆ ಹೇಳುವುದು ಹಕ್ಕೂ ಹೌದು, ಅಗತ್ಯವೂ ಹೌದು. ಬಣ್ಣ ಬದಲಾಗಬಹುದು.

ಪ್ರಶ್ನೆಗಳು

“ಯಾವಾಗಿಂದ ನೋವು? ಕೈಗೆ, ದವಡೆಗೆ ಹರಡ್ತಿದೆಯಾ? ಬೆವರು ಬಂತಾ? ಶುಗರ್, ಬಿಪಿ ಇದೆಯಾ? ಯಾವ ಮಾತ್ರೆ ತಗೋತಿದ್ದೀರಿ? ಯಾವುದಾದರೂ ಔಷಧ ಆಗಿಬರಲ್ಲ ಅಂತ ಇದೆಯಾ? ಕೊನೆಗೆ ಊಟ ಮಾಡಿದ್ದು ಎಷ್ಟು ಹೊತ್ತಿಗೆ?” ಈ ಪ್ರಶ್ನೆಗಳನ್ನು ಮೊದಲು ಹೌಸ್ ಸರ್ಜನ್, ಆಮೇಲೆ ಪಿ.ಜಿ., ಆಮೇಲೆ ಹಿರಿಯ ವೈದ್ಯರು, ಹೀಗೆ ಮೂರು ಸಲ ಕೇಳಬಹುದು. ಬೋಧನಾ ಆಸ್ಪತ್ರೆಯ ಪದ್ಧತಿಯೇ ಅದು. ಎರಡನೆಯ ಸಲ ಹೇಳುವಾಗ ಮರೆತದ್ದು ನೆನಪಾಗುವುದರಿಂದ ನಷ್ಟವೇನಿಲ್ಲ. ಮಾತ್ರೆಯ ಪ್ರಶ್ನೆಗೆ “ಬಿಳಿ ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು” ಎಂಬ ಉತ್ತರವೇ ಹೆಚ್ಚು. ಹಳೆಯ ಚೀಟಿಗಳು, ಮಾತ್ರೆಯ ಖಾಲಿ ಹಾಳೆಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗಿದ್ದರೆ ವೈದ್ಯರಿಗೆ ಎಷ್ಟೋ ಊಹೆ ತಪ್ಪುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಅದನ್ನು ಕೇಳದಿದ್ದರೂ ಹೇಳಬೇಕು.

ಕುಡಿದಿದ್ದರೆ, ಗರ್ಭಿಣಿಯಾಗಿದ್ದರೆ, ವಿಷ ಕುಡಿದಿದ್ದರೆ ಮನೆಯವರು ಮುಚ್ಚಿಡುವುದು ಸಾಮಾನ್ಯ. ಚಿಕಿತ್ಸೆಯ ದಾರಿಯೇ ಬದಲಾಗುವ ವಿಷಯಗಳಿವು. ಗದ್ದೆಗೆ ಹೊಡೆಯುವ ಔಷಧ ಕುಡಿದವರ ಜೊತೆ ಅದರ ಡಬ್ಬಿಯನ್ನೂ ತರಬೇಕು, ಏಕೆಂದರೆ ಪ್ರತಿವಿಷ ನಿರ್ಧಾರವಾಗುವುದು ಲೇಬಲ್ಲಿನ ರಾಸಾಯನಿಕದ ಹೆಸರಿನಿಂದ. ಆರ್ಗನೋಫಾಸ್ಫೇಟ್ ಕೀಟನಾಶಕವಾದರೆ ಬಟ್ಟೆ ಬಿಚ್ಚಿ ಮೈ ತೊಳೆದು, ಶ್ವಾಸಕೋಶದಲ್ಲಿ ತುಂಬುವ ನೀರು ಒಣಗುವವರೆಗೆ ಅಟ್ರೋಪಿನ್ ಇಂಜೆಕ್ಷನ್ನನ್ನು ಮತ್ತೆ ಮತ್ತೆ ಕೊಡುತ್ತಾರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಆ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವೇ ಹೆಚ್ಚು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಕೇಸಿನ ಹೆದರಿಕೆಯಿಂದ ಸತ್ಯ ಮರೆಮಾಚುವ ಅಗತ್ಯವಿಲ್ಲ.

ಎದೆನೋವು ಮತ್ತು ಪಾರ್ಶ್ವವಾಯು

ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿದ ನಿಯಮ. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ಜೆಲ್ ಹಚ್ಚಿ ಆರು ರಬ್ಬರ್ ಬಲ್ಬು ಅಥವಾ ಅಂಟುಪಟ್ಟಿ. ಅಲುಗದೆ ಮಲಗಿದರೆ ಕೆಲಸ ಒಂದೆರಡು ನಿಮಿಷದ್ದು. ಹೃದಯಾಘಾತವೆಂದು ಖಚಿತವಾದರೆ ಆಸ್ಪಿರಿನ್ ಮಾತ್ರೆ ಜಗಿಯಲು ಕೊಟ್ಟು, ಮುಚ್ಚಿದ ರಕ್ತನಾಳವನ್ನು ತೆರೆಯುವ ಕೆಲಸ ಶುರುವಾಗುತ್ತದೆ. ಆಂಜಿಯೋಪ್ಲಾಸ್ಟಿಯ ವ್ಯವಸ್ಥೆ ಇದ್ದಲ್ಲಿ ರೋಗಿ ಬಾಗಿಲಿಗೆ ಬಂದ 90 ನಿಮಿಷದೊಳಗೆ ರಕ್ತನಾಳ ತೆರೆದಿರಬೇಕೆಂಬ ಗುರಿ. ಇಲ್ಲದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಕೇಂದ್ರದ ಹೃದ್ರೋಗ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ಸಿಗುತ್ತದೆ. ದೂರದ ತಾಲ್ಲೂಕಿನ ರೋಗಿಗೆ ಈಚಿನ ವರ್ಷಗಳಲ್ಲಿ ಆದ ಅತಿ ದೊಡ್ಡ ಉಪಕಾರಗಳಲ್ಲಿ ಇದೊಂದು.

ಮೊದಲ ಇಸಿಜಿ ಸರಿಯಿದೆ ಎಂದಾಕ್ಷಣ “ಗ್ಯಾಸ್ಟ್ರಿಕ್ಕೇ ಇರಬೇಕು” ಎಂದು ಎದ್ದು ಹೊರಡಲು ಅವಸರಪಡುವವರಿದ್ದಾರೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದು ಏರಲು ಕೆಲವು ಗಂಟೆ ಬೇಕು. ಅದಕ್ಕೇ ರಕ್ತಪರೀಕ್ಷೆಯನ್ನೂ ಇಸಿಜಿಯನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತಾರೆ. ‘ಅಬ್ಸರ್ವೇಷನ್’ ಎಂದು ಸುಮ್ಮನೆ ಮಲಗಿಸಿದ್ದಾರೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಕಾಯುವಿಕೆ.

ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿ ಬಂದವರಿಗೆ ಮೊದಲು ತಲೆಯ ಸಿ.ಟಿ. ಸ್ಕ್ಯಾನ್. ರಕ್ತಸ್ರಾವ ಅಲ್ಲವೆಂದು ಖಾತ್ರಿಯಾದ ಮೇಲೆಯೇ ಹೆಪ್ಪು ಕರಗಿಸುವ ಔಷಧ, ಅದೂ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ. ಬೆಳಿಗ್ಗೆ ಏಳುವಾಗಲೇ ಕೈ ಆಡದಿದ್ದರೆ ಗಡಿಯಾರ ಶುರುವಾಗುವುದು ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದ. ಅದಕ್ಕೇ ವೈದ್ಯರು ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದಿರಿ ಎಂದು ಪಟ್ಟುಹಿಡಿದು ಕೇಳುತ್ತಾರೆ.

ಹಾವು ಕಡಿತ

ಕರ್ನಾಟಕದ ಗ್ರಾಮೀಣ ಕ್ಯಾಷುವಾಲ್ಟಿಗಳಲ್ಲಿ ಮಳೆಗಾಲದ ನಿತ್ಯದ ಕಾಯಕವಿದು. 2024ರಲ್ಲಿ ರಾಜ್ಯವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸೇರಿ ಒಂದೇ ಪ್ರತಿವಿಷ ಇದೆ. ಹೀಗಾಗಿ ಹಾವನ್ನು ಕೊಂದು ಚೀಲದಲ್ಲಿ ತರಬೇಕಿಲ್ಲ. ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡು ಅದೇ ಗಾಡಿಯಲ್ಲಿ ಬರುವುದೂ ಉಂಟು.

ಆಸ್ಪತ್ರೆಯಲ್ಲಿ ಮೊದಲು ನಡೆಯುವುದು ಬಹಳ ಸರಳವಾದ ಪರೀಕ್ಷೆ. ರೋಗಿಯ ರಕ್ತನಾಳದಿಂದ ಸುಮಾರು ಎರಡು ಮಿಲಿಲೀಟರ್ ರಕ್ತ ತೆಗೆದು, ಹೊಸ, ಒಣಗಿದ ಗಾಜಿನ ಪ್ರನಾಳಕ್ಕೆ ಹಾಕಿ ಅಲುಗಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಪ್ರನಾಳ ಗಾಜಿನದೇ ಆಗಿರಬೇಕು, ಸೋಪಿನಲ್ಲಿ ತೊಳೆದದ್ದಾಗಿರಬಾರದು. ರಕ್ತ ಹೆಪ್ಪುಗಟ್ಟಲು ಗಾಜಿನ ಸ್ಪರ್ಶವೇ ಪ್ರಚೋದನೆ. ಸಮಯವಾದ ಮೇಲೆ ಪ್ರನಾಳವನ್ನು ಮೆಲ್ಲಗೆ ಓರೆ ಮಾಡಿದಾಗ ರಕ್ತ ಇನ್ನೂ ನೀರಾಗಿಯೇ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ಯಂತ್ರ, ಪ್ರಯೋಗಾಲಯ ಬೇಡದ ಪರೀಕ್ಷೆಯಾದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನು ಮಾಡಬಹುದು. ನಾಗರ, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿಯುವುದರಿಂದ ಅಲ್ಲಿ ಈ ಪರೀಕ್ಷೆ ಕೆಲಸಕ್ಕೆ ಬಾರದು. ವೈದ್ಯರು ರೆಪ್ಪೆ ಜೋಲುತ್ತಿದೆಯೇ, ಎಂಜಲು ನುಂಗಲು ಆಗುತ್ತಿದೆಯೇ, ಒಂದೇ ಉಸಿರಿಗೆ ಎಷ್ಟು ಎಣಿಸಬಲ್ಲರು ಎಂದು ಗಮನಿಸುತ್ತಾರೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುವುದೇ ಹೆಚ್ಚು, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಬಂದವರ ರೆಪ್ಪೆ ಬೀಳತೊಡಗಿದರೆ ಅನುಭವಿ ವೈದ್ಯರ ಮೊದಲ ಅನುಮಾನ ಇದರ ಮೇಲೆಯೇ.

ವಿಷ ಏರಿದ ಲಕ್ಷಣವಿದ್ದರೆ ಸಾಮಾನ್ಯವಾಗಿ ಹತ್ತು ಬಾಟಲಿ ಪ್ರತಿವಿಷವನ್ನು ಡ್ರಿಪ್ಪಿನ ಮೂಲಕ ಕೊಡುತ್ತಾರೆ. ಮಗುವಿಗೂ ಅಷ್ಟೇ ಪ್ರಮಾಣ, ಏಕೆಂದರೆ ಹಾವು ಬಿಟ್ಟ ವಿಷ ಮೈಗಾತ್ರ ನೋಡಿ ಕಡಿಮೆಯಾಗುವುದಿಲ್ಲ. ಪ್ರತಿವಿಷವೇ ಮೈಗೆ ಒಗ್ಗದೆ ದದ್ದು, ಉಬ್ಬಸ, ರಕ್ತದೊತ್ತಡ ಕುಸಿತ ಆಗಬಹುದಾದ್ದರಿಂದ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಸಿದ್ಧವಿಟ್ಟುಕೊಂಡೇ ಶುರುಮಾಡುತ್ತಾರೆ. ಲಕ್ಷಣವಿಲ್ಲದವರಿಗೆ ಕೊಡುವುದಿಲ್ಲ. “ಹಾವು ಕಚ್ಚಿದೆ ಅಂದರೂ ಇಂಜೆಕ್ಷನ್ ಹಾಕಲಿಲ್ಲ” ಎಂಬುದು ನಿರ್ಲಕ್ಷ್ಯದ ಸಾಕ್ಷಿಯಾಗಲಾರದು, ಆದರೆ ಅಂಥವರನ್ನು ಕೂಡ ಒಂದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡಬೇಕು. ಪಶ್ಚಿಮ ಘಟ್ಟದ ಗುಳಿಮಂಡಲ ಹಾವುಗಳ ವಿಷಕ್ಕೆ ಸದ್ಯದ ಪ್ರತಿವಿಷ ನಾಟುವುದಿಲ್ಲ. ಮಲೆನಾಡಿನ ತೋಟಗಳಲ್ಲಿ ಕೆಲಸ ಮಾಡುವವರಿಗೆ ಇದು ಉಳಿದೇ ಇರುವ ಕೊರತೆ.

ಇನ್ನು ನಾಯಿ ಕಡಿತಕ್ಕೆ ಮೊದಲ ಚಿಕಿತ್ಸೆ ಹರಿಯುವ ನೀರು ಮತ್ತು ಸೋಪು, ಹದಿನೈದು ನಿಮಿಷ. ಲಸಿಕೆ ಆಮೇಲಿನದು. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕು. ಇದನ್ನು ಕೇಳಿ ಪಡೆಯುವುದು ಒಳಿತು.

ಪೊಲೀಸ್ ಮತ್ತು ಹಣ

ಅಪಘಾತ, ಹಲ್ಲೆ, ಸುಟ್ಟಗಾಯ, ವಿಷಪ್ರಾಶನ ಮುಂತಾದವು ಎಂಎಲ್‌ಸಿ, ಅಂದರೆ ವೈದ್ಯಕೀಯ–ಕಾನೂನು ಪ್ರಕರಣಗಳು. ವೈದ್ಯರು ಗಾಯಗಳನ್ನು ರಿಜಿಸ್ಟರಿನಲ್ಲಿ ಬರೆದು ಠಾಣೆಗೆ ತಿಳಿಸುತ್ತಾರೆ. ಇದು ಅವರ ಕರ್ತವ್ಯ, ರೋಗಿಯ ಮೇಲಿನ ಆರೋಪವಲ್ಲ. ಹಿಂದೆ “ಪೊಲೀಸರು ಬರಲಿ, ಆಮೇಲೆ ನೋಡೋಣ” ಎನ್ನುವ ಆಸ್ಪತ್ರೆಗಳಿದ್ದವು. ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರರೊಬ್ಬರನ್ನು ಹತ್ತಿರದ ಆಸ್ಪತ್ರೆ ಮುಟ್ಟದೆ, ಇಂಥ ಪ್ರಕರಣಕ್ಕೆ ಅಧಿಕಾರವಿರುವ ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದಾಗ ಅವರು ದಾರಿಯಲ್ಲೇ ತೀರಿಕೊಂಡ ಪತ್ರಿಕಾ ವರದಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪರಮಾನಂದ ಕಟಾರಾ ಪ್ರಕರಣ ಎಂದು ಹೆಸರಾದ 1989ರ ಈ ತೀರ್ಪು, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ವೈದ್ಯರಿಗೂ ಜೀವ ಉಳಿಸುವುದು ಮೊದಲ ಕರ್ತವ್ಯವೆಂದು ಸಾರಿತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೃಷಿ ಕಾರ್ಮಿಕರೊಬ್ಬರನ್ನು ಒಂದರ ಹಿಂದೊಂದು ಸರ್ಕಾರಿ ಆಸ್ಪತ್ರೆಗಳು ‘ಬೆಡ್ ಇಲ್ಲ’ ಎಂದು ತಿರುಗಿಸಿ ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ 17,000 ರೂಪಾಯಿ ವೆಚ್ಚವಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿ, ಸಕಾಲದಲ್ಲಿ ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದಿತು. ಗಾಯಾಳುವನ್ನು ಕರೆತಂದ ದಾರಿಹೋಕರಿಗೂ ಈಗ ರಕ್ಷಣೆಯಿದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅವರನ್ನು ಕೇಸಿಗೆ ಸಿಕ್ಕಿಸುವಂತಿಲ್ಲ, ಹೆಸರು ಹೇಳಲು ಬಲವಂತ ಮಾಡುವಂತಿಲ್ಲ. ಲೈಂಗಿಕ ದೌರ್ಜನ್ಯಕ್ಕೆ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಯಾವುದೇ ಆಸ್ಪತ್ರೆ ಉಚಿತವಾಗಿ, ತಕ್ಷಣ ಚಿಕಿತ್ಸೆ ಕೊಡಬೇಕು.

ಖಾಸಗಿ ಆಸ್ಪತ್ರೆ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ ಎಂಬುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 2017ರ ತಿದ್ದುಪಡಿಯಲ್ಲಿದೆ. ಬಾಕಿ ಇದೆಯೆಂದು ಶವವನ್ನು ಹಿಡಿದಿಟ್ಟುಕೊಳ್ಳುವುದಕ್ಕೂ ನಿಷೇಧ. ಈ ತಿದ್ದುಪಡಿಯ ಮಸೂದೆಯ ವಿರುದ್ಧ ಆ ವರ್ಷ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದ್ದರು. ಕಾನೂನು ಸ್ಪಷ್ಟವಿದ್ದರೂ ‘ಇಲ್ಲಿ ಸೌಲಭ್ಯವಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗಿ’ ಎಂಬ ಮಾತು ನಿರಾಕರಣೆಯ ಸಭ್ಯ ರೂಪವಾಗಿ ಉಳಿದಿದೆ. ನಿಜವಾಗಿಯೂ ಸೌಲಭ್ಯವಿಲ್ಲದಿದ್ದರೆ ರಕ್ತಸ್ರಾವ ತಡೆದು, ಡ್ರಿಪ್ ಹಾಕಿ, ಕೊಟ್ಟ ಔಷಧಗಳನ್ನು ನಮೂದಿಸಿದ ರೆಫರಲ್ ಪತ್ರದೊಂದಿಗೆ ಕಳಿಸಬೇಕು. ಬರಿಗೈಯಲ್ಲಿ ಕಳಿಸಿದರೆ ಮುಂದಿನ ಆಸ್ಪತ್ರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ನೆರವಿನ ಯೋಜನೆಗಳು ಹಲವು. 2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ, ಸಾಯುವ ಗಳಿಗೆಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಯುವಕ ಹರೀಶ್ ಹೆಸರಿನ ‘ಸಾಂತ್ವನ’ ಯೋಜನೆ ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸುವಂತೆ ರೂಪುಗೊಂಡಿತು. ಕೇಂದ್ರ ಸರ್ಕಾರದ 2025ರ ಯೋಜನೆ ರಸ್ತೆ ಅಪಘಾತಕ್ಕೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಕೊಡುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಪಟ್ಟಿಮಾಡಿದ ತುರ್ತು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಿಲ್ಲ. ಖಾಸಗಿ ಆರೋಗ್ಯ ವಿಮೆ ಇರುವವರು ಸಾಮಾನ್ಯವಾಗಿ ದಾಖಲಾದ 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ದಾಖಲಾಗದೆ ಕ್ಯಾಷುವಾಲ್ಟಿಯಿಂದಲೇ ಮನೆಗೆ ಹೋದರೆ ಹೆಚ್ಚಿನ ಪಾಲಿಸಿಗಳು ಆ ಖರ್ಚು ಕೊಡುವುದಿಲ್ಲ.

ಒಪ್ಪಿಗೆ ಮತ್ತು ಜೊತೆಗಿರುವವರು

ಶಸ್ತ್ರಚಿಕಿತ್ಸೆ, ರಕ್ತ ಕೊಡುವುದು, ಗಂಟಲಿಗೆ ನಳಿಗೆ ಇಳಿಸುವುದು ಮುಂತಾದವಕ್ಕೆ ಲಿಖಿತ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಬಹುದು. ರೋಗಿಗೆ ಎಚ್ಚರವಿಲ್ಲದೆ, ಮನೆಯವರೂ ಸಿಗದಿದ್ದರೆ ಜೀವ ಉಳಿಸಲು ಬೇಕಾದ್ದನ್ನು ವೈದ್ಯರು ಒಪ್ಪಿಗೆಗೆ ಕಾಯದೆ ಮಾಡಬಹುದು. ವೈದ್ಯರ ಸಲಹೆ ಮೀರಿ ಹೊರಡುವವರಿಂದ ‘ಡಾಮಾ’ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಗೆ ಹೋದವರು ಮತ್ತೆ ಬಂದರೆ ಚಿಕಿತ್ಸೆ ಇಲ್ಲವೆನ್ನುವಂತಿಲ್ಲ.

ರೋಗಿಯ ಹಿಂದೆ ಊರೇ ಬರುವುದು ನಮ್ಮಲ್ಲಿ ಕಷ್ಟಕ್ಕೆ ಆಗುವ ರೀತಿ. ಕ್ಯಾಷುವಾಲ್ಟಿಯಲ್ಲಿ ಮಾತ್ರ ಅದು ಅಡ್ಡಿ. ಒಬ್ಬರು ರೋಗಿಯ ಪಕ್ಕ, ಇನ್ನೊಬ್ಬರು ಚೀಟಿ, ಔಷಧ, ಬ್ಲಡ್ ಬ್ಯಾಂಕ್ ಓಡಾಟಕ್ಕೆ, ಇಷ್ಟಿದ್ದರೆ ಸಾಕು. ಸಿಬ್ಬಂದಿಯ ಮೇಲೆ ಕೈಮಾಡುವುದು 2009ರ ರಾಜ್ಯ ಕಾಯ್ದೆಯಡಿ ಜಾಮೀನುರಹಿತ ಅಪರಾಧ. ಆದರೆ ಒಳಗೆ ಏನಾಗುತ್ತಿದೆ ಎಂದು ಹೊರಗೆ ನಿಂತವರಿಗೆ ಯಾರೂ ಬಂದು ಹೇಳದಿರುವುದೂ ಗಲಾಟೆಗೆ ದೊಡ್ಡ ಕಾರಣ. ಅದನ್ನು ಕಾಯ್ದೆ ಸರಿಪಡಿಸಲಾರದು.

ಹೊರಡುವಾಗ

ದಾಖಲು, ರೆಫರ್, ಮನೆಗೆ ಕಳಿಸುವುದು: ಕ್ಯಾಷುವಾಲ್ಟಿಯಿಂದ ಹೊರಡುವ ದಾರಿ ಸಾಮಾನ್ಯವಾಗಿ ಈ ಮೂರರಲ್ಲೊಂದು. ಮನೆಗೆ ಕಳಿಸಿದರೆ ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು ಎಂದು ಕೇಳಿಕೊಳ್ಳಬೇಕು. ತಲೆಗೆ ಪೆಟ್ಟಾದವರ ವಿಷಯದಲ್ಲಿ ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ವಿಪರೀತ ಮಂಪರು, ಮಾತು ತೊದಲುವುದು ಅಂಥ ಲಕ್ಷಣಗಳು. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆಗಳ ಪ್ರತಿ ಪಡೆಯುವುದು ರೋಗಿಯ ಹಕ್ಕು. ಅಪಘಾತದ ಪ್ರಕರಣದಲ್ಲಿ ಎಂಎಲ್‌ಸಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಮೊದಲ ದಿನದ ಆ ದಾಖಲೆ, ಅದರಲ್ಲಿ ಬರೆದ ಸಮಯ ಮತ್ತು ‘ಹೇಗಾಯಿತು’ ಎಂಬ ಒಂದು ಸಾಲು ಬಹಳ ತೂಗುತ್ತವೆ. ಕರೆತಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದರು’ ಎಂದಷ್ಟೇ ಹೇಳಿ, ಗುದ್ದಿದ ವಾಹನದ ಮಾತನ್ನು ಬಿಟ್ಟರೆ ವಿಮಾ ಕಂಪನಿಯ ವಕೀಲರು ಮೊದಲು ಹಿಡಿಯುವುದು ಆ ಸಾಲನ್ನೇ.